ಚಿಕಿತ್ಸೆಯ ವೆಚ್ಚ ಯಾರ ಹೊಣೆ?

ಮನುಷ್ಯನು ತಾನು ಉಣ್ಣುವ ಅನ್ನಕ್ಕೆ ತಾನೇ ದುಡಿಯಬೇಕೆಂಬುದು ಸರ್ವಸಮ್ಮತವಾದ ಮಾತು. ದುಡಿಯದೆ ಉಣ್ಣುವವನನ್ನು ನಮ್ಮ ನಾಡು ಎಂದೂ ಗೌರವಿಸಿಲ್ಲ. ಹಾಗಾದರೆ ಅವನು ಸೇವಿಸುವ ಔಷಧಕ್ಕೂ ಅವನೇ ಬೆಲೆ ತೆರಲಿ ಎನ್ನುವವರು ನಮ್ಮಲ್ಲಿದ್ದಾರೆ. ಅವರನ್ನು ಕಠಿಣಹೃದಯಿಗಳೆಂದು ಭಾವಿಸಬೇಕಾಗಿಲ್ಲ. ಸ್ವಾವಲಂಬನೆಯಲ್ಲಿ ಶ್ರದ್ಧೆಯುಳ್ಳ ಸಜ್ಜನರೇ ಈ ಮಾತನ್ನಾಡುತ್ತಾರೆ. ಆದುದರಿಂದ ಇದನ್ನು ತಳ್ಳಿಹಾಕದೆ ವಿಚಾರಿಸಿ ನೋಡುವುದು ಉಚಿತ.

ಅನ್ನಕ್ಕೂ ಔಷಧಕ್ಕೂ ಒಂದು ಮೂಲಭೂತವಾದ ಅಂತರವಿದೆ. ಹಸಿವು ದಿನವೂ ಬರುವಂಥದು. ಒಬ್ಬನ ಹಸಿವಿಗೂ ಮತ್ತೊಬ್ಬನ ಹಸಿವಿಗೂ ಹೆಚ್ಚಿನ ತಾರತಮ್ಯವಿಲ್ಲ. ರೋಗವಾದರೋ ಹೇಳಿ ಕೇಳಿ ಬರುವುದಲ್ಲ. ಹತ್ತು ಮನೆಗಳನ್ನು ಬಿಟ್ಟು ಹನ್ನೊಂದನೆಯ ಮನೆಗೆ ನುಗ್ಗುತ್ತದೆ. ನುಗ್ಗಿದ ಮನೆಯ ಹೊಲ, ಒಡವೆ, ಮಕ್ಕಳ ಓದು ಎಲ್ಲವನ್ನೂ ಕೊಂಡೊಯ್ಯುತ್ತದೆ. ಸಂತೆಯಲ್ಲಿ ಜೋಳ ಕೊಳ್ಳುವವನು ಕಾಳನ್ನು ಅಂಗೈಯಲ್ಲಿಟ್ಟು ನೋಡಿ, ಬೆಲೆ ಹೊಂದದಿದ್ದರೆ ಮುಂದಿನ ಅಂಗಡಿಗೆ ಹೋಗಬಲ್ಲನು. ಎದೆನೋವಿನಿಂದ ನರಳುವವನು ಎಷ್ಟು ಅಂಗಡಿಗಳನ್ನು ಸುತ್ತಿಯಾನು? ಅವನಿಗೆ ಬೇಕಾದುದೇನೆಂದು ನಿರ್ಣಯಿಸುವವನೂ ಅದನ್ನು ಮಾರುವವನೂ ಒಬ್ಬನೇ ಆಗಿರುವ ವ್ಯವಹಾರವಿದು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿಯೇ ಈ ಅಂಶವನ್ನು ಶಾಸ್ತ್ರೀಯವಾಗಿ ವಿವೇಚಿಸಿ, ವೈದ್ಯಕೀಯವನ್ನು ಉಳಿದ ಸರಕುಗಳಂತೆ ಕಾಣಲಾಗದೆಂದು ತೋರಿಸಿದರು.

ರೋಗವನ್ನು ತಾನೇ ಬರಮಾಡಿಕೊಂಡವನ ಮಾತೇನು ಎಂದು ನೀವು ಕೇಳಬಹುದು. ಕುಡಿದು ಯಕೃತ್ತನ್ನು ಕೆಡಿಸಿಕೊಂಡವನಿಗಾಗಿ ಕುಡಿಯದವನು ಏಕೆ ಹಣ ಕೊಡಬೇಕು? ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದನ್ನು ಎತ್ತುವ ಸ್ಥಳ ಮದ್ಯದಂಗಡಿಯ ಬಾಗಿಲೇ ಹೊರತು ಆಸ್ಪತ್ರೆಯ ಹಾಸಿಗೆಯಲ್ಲ. ಮದ್ಯದ ಮೇಲಿನ ಸುಂಕವು ನಮ್ಮ ರಾಜ್ಯದ ಬೊಕ್ಕಸಕ್ಕೆ ಬಹುಮುಖ್ಯವಾದ ಆದಾಯ. ಅವನು ಕುಡಿಯುವಾಗ ಕೈಯೊಡ್ಡಿ ಹಣ ಪಡೆದ ಸಮಾಜವು ಅವನು ಹಾಸಿಗೆ ಹಿಡಿದಾಗ 'ನೀನಾರೋ' ಎನ್ನುವುದು ಯಾವ ನ್ಯಾಯ?

ತಪ್ಪೇ ಇಲ್ಲದವರ ಸ್ಥಿತಿಯನ್ನು ಇನ್ನಷ್ಟು ಸಾವಧಾನದಿಂದ ನೋಡಬೇಕು. ನಮ್ಮ ರೈತನು ನಡುರಾತ್ರಿಯಲ್ಲಿ ಎದ್ದು ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾನೆ. ಅವನಿಗೆ ನಿದ್ರೆ ಬೇಡವಾಗಿ ಅಲ್ಲ; ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ಅನೇಕ ಕಡೆ ರಾತ್ರಿಯ ಹೊತ್ತಿನಲ್ಲಿಯೇ ಬರುತ್ತದೆ. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಪ್ರತಿವಿಷದ ಎಂಟು ಹತ್ತು ಸೀಸೆಗಳು ಮೊದಲಿಗೇ ಬೇಕು; ಮೂತ್ರಪಿಂಡ ಕೈಕೊಟ್ಟರೆ ಡಯಾಲಿಸಿಸ್ ಬೇರೆ. ವಿದ್ಯುತ್ತಿನ ವೇಳೆಯನ್ನು ಗೊತ್ತುಮಾಡಿದವನು ಅವನಲ್ಲ. ಬೆಳೆದ ಕಾಳನ್ನು ಉಣ್ಣುವವರು ನಾವು, ನೀವು. ಕಚ್ಚಿದ ಹಾವಿನ ಲೆಕ್ಕ ಮಾತ್ರ ಅವನೊಬ್ಬನ ಹೆಸರಿಗೆ! ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆಜ್ಞೆ ಮಾಡಿದುದು ಸ್ತುತ್ಯ. ಎಣಿಸದ ಹೊರತು ಎಲ್ಲಿ ಎಷ್ಟು ಔಷಧ ಇಡಬೇಕೆಂಬುದೇ ತಿಳಿಯದು.

ಮಠಗಳಿಗೆ ಬರುವ ಭಕ್ತರಲ್ಲಿ ಆಶೀರ್ವಾದ ಕೇಳುವವರಷ್ಟೇ ಆಸ್ಪತ್ರೆಗೆ ಪತ್ರ ಕೇಳುವವರೂ ಇದ್ದಾರೆ. ಬಿಲ್ಲಿನಲ್ಲಿ ಸ್ವಲ್ಪ ಕಡಿಮೆಮಾಡಲು ಬರೆದುಕೊಡಿರೆಂದು ಕೈಮುಗಿಯುತ್ತಾರೆ. ನಾವು ಬರೆದುಕೊಡುತ್ತೇವೆ; ಮುಂದೆಯೂ ಬರೆದುಕೊಡುವೆವು. ಆದರೆ ಮಠದ ಪರಿಚಯವಿಲ್ಲದವನ, ಶಾಸಕರ ಮನೆಯ ದಾರಿ ತಿಳಿಯದವನ ಗತಿಯೇನು? ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಬೇಡುವವನ ತಲೆ ಕೆಳಗಿರುತ್ತದೆ. ನೀಡಿದೆನೆಂಬ ಅಹಂಭಾವವಾಗಲಿ ಪಡೆದೆನೆಂಬ ದೈನ್ಯವಾಗಲಿ ಇಲ್ಲದ ದಾಸೋಹದ ಕಲ್ಪನೆಗೆ ಇದು ಬಹುದೂರ. 1946ರಲ್ಲಿ ಭೋರ್ ಸಮಿತಿಯು ಹಣ ತೆರಲಾರದ ಕಾರಣದಿಂದ ಯಾರೂ ತಕ್ಕ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಹೇಳಿತು. ಬಳಿಕ ಏಳು ದಶಕಗಳು ಕಳೆದರೂ ದೇಶದ ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕೈಯಿಂದಲೇ ತೆತ್ತುದು, ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, 2013-14ರಲ್ಲಿ ನೂರಕ್ಕೆ 64 ರೂಪಾಯಿ, 2021-22ರಲ್ಲಿ 39. ಇಳಿದುದು ಸಮಾಧಾನ, ಉಳಿದುದು ಅಲ್ಪವಲ್ಲ.

ಇದಕ್ಕೆ ನಮ್ಮ ನಾಡೇ ಒಂದು ದಾರಿ ತೋರಿತು. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿ ಕೊಟ್ಟರೆ ಸಾಕು, ಶಸ್ತ್ರಚಿಕಿತ್ಸೆಯ ಭಾರ ನಿಧಿಯದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಇಲ್ಲಿ ಎಲ್ಲರೂ ತೆತ್ತರು, ಆದರೆ ಯಾರೂ ತನ್ನದನ್ನು ಮಾತ್ರ ತೆರಲಿಲ್ಲ. 'ನಾನು ಕಾಯಿಲೆ ಬೀಳಲಿಲ್ಲ, ನನ್ನ ದುಡ್ಡು ಹೋಯಿತು' ಎಂದು ಮರುಗುವವರೂ ಇದ್ದರೆನ್ನಿ. ಅಂಥವರು ಕಾಯಿಲೆ ಬೀಳದಿದ್ದುದಕ್ಕೇ ಮರುಗುವರೋ ಏನೋ! ಮೂರನೆಯ ವರ್ಷ ವಾರ್ಷಿಕ ವಂತಿಗೆ 60ರಿಂದ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಇಚ್ಛೆಗೆ ಬಿಟ್ಟ ನಿಧಿಯ ದೌರ್ಬಲ್ಯವಿದು. ಆರೋಗ್ಯವಂತನು ಹೊರಗುಳಿದಷ್ಟೂ ರೋಗಿಯ ಪಾಲಿನ ಭಾರ ಏರುತ್ತದೆ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡ ಈ ಯೋಜನೆ ಅನಂತರ ಮರಳಿ ಜಾರಿಗೆ ಬಂದಿತಾದರೂ ನಮ್ಮ ಅಭಿಪ್ರಾಯದಲ್ಲಿ ಮನೆಯನ್ನೇ ಮುಳುಗಿಸುವ ರೋಗಗಳ ವೆಚ್ಚವನ್ನು ತೆರಿಗೆಯ ಹಣದಿಂದಲೇ ಭರಿಸುವುದು ಯೋಗ್ಯ. ಸಣ್ಣಪುಟ್ಟ ನೆಗಡಿ ಜ್ವರಗಳಿಗೆ, ಶಕ್ತಿಯುಳ್ಳವರು, ತಾವೇ ತೆರಲಿ. ಆದರೆ ಈ 'ಶಕ್ತಿಯುಳ್ಳವರು' ಯಾರು? ಆರೋಗ್ಯ ಕರ್ನಾಟಕವು ಬಡತನದ ರೇಖೆಯ ಮೇಲಿನವರಿಗೆ ನಿಗದಿತ ವೆಚ್ಚದ ಶೇಕಡಾ 30ನ್ನು ಮಾತ್ರ ಕೊಡುವಂತೆ ಆರಂಭವಾಯಿತು. ಕ್ಯಾನ್ಸರಿನ ಮುಂದೆ ಶಾಲಾ ಮಾಸ್ತರನೂ ಕಿರಾಣಿ ಅಂಗಡಿಯವನೂ ಎಷ್ಟು ದಿನ ರೇಖೆಯ ಮೇಲೆ ನಿಂತಾರು?

ಹಾಗೆಂದು ಸಮಾಜದ ಬೊಕ್ಕಸ ಅಕ್ಷಯಪಾತ್ರೆಯಲ್ಲ. ಎಳೆಯ ಮಕ್ಕಳ ಸ್ನಾಯುಗಳನ್ನು ಕ್ಷೀಣಿಸುವ ಎಸ್.ಎಂ.ಎ. ಎಂಬ ವಂಶವಾಹಿ ರೋಗಕ್ಕೆ ಒಂದೇ ಬಾರಿ ಕೊಡುವ ಔಷಧದ ಬೆಲೆ ಸುಮಾರು 16 ಕೋಟಿ ರೂಪಾಯಿ. ಅಪರೂಪದ ರೋಗಗಳಿಗೆ ಕೇಂದ್ರ ಸರ್ಕಾರವು 2022ರಲ್ಲಿ ನಿಗದಿಪಡಿಸಿದ ಸಹಾಯ ಗರಿಷ್ಠ 50 ಲಕ್ಷ. ಮಗುವಿನ ಭಾವಚಿತ್ರವನ್ನು ಪ್ರಕಟಿಸಿ ಹಣ ಕೂಡಿಸುತ್ತಾರೆ; ಕೆಲವರಿಗೆ ಕೂಡುವುದೂ ಉಂಟು. ಅಷ್ಟೇ ಹಣದಲ್ಲಿ ಎಷ್ಟು ತಾಲ್ಲೂಕುಗಳಿಗೆ ಪ್ರತಿವಿಷ ಒದಗೀತು ಎಂದು ಲೆಕ್ಕ ಹಾಕುವವನನ್ನು ನಿರ್ದಯಿ ಎನ್ನಲಾಗದು. ಆ ಲೆಕ್ಕವನ್ನು ಯಾರಾದರೂ ಹಾಕಲೇಬೇಕು. ಅದನ್ನು ಮೊದಲೇ, ಎಲ್ಲರಿಗೂ ತಿಳಿಯುವಂತೆ, ಪ್ರಭಾವಿಗೂ ಅನಾಥನಿಗೂ ಒಂದೇ ಆಗುವಂತೆ ಗೊತ್ತುಮಾಡಬೇಕೆಂಬಷ್ಟನ್ನು ನಾವು ಹೇಳಬಲ್ಲೆವು. ಆಗಲೂ ಆ ಮಗುವಿನ ತಾಯಿಯ ಎದುರು ಕುಳಿತು 'ನಮ್ಮಿಂದ ಇಷ್ಟೇ ಸಾಧ್ಯ' ಎಂದು ಹೇಳುವ ಕೆಲಸ ಒಬ್ಬ ವೈದ್ಯನ ಪಾಲಿಗೆ ಬಂದೇ ಬರುತ್ತದೆ. ಅದನ್ನು ತಪ್ಪಿಸುವ ದಾರಿ ನಮಗೆ ಕಂಡಿಲ್ಲ.