ರಥಕಾರನ ಧರ್ಮ

ಯುದ್ಧದಲ್ಲಿ ಆಯುಧವನ್ನು ಹಿಡಿಯುವವನ ಧರ್ಮವೇನೆಂಬುದನ್ನು ನಮ್ಮ ಹಿರಿಯರು ಬಹು ವಿಸ್ತಾರವಾಗಿ ವಿಚಾರಮಾಡಿರುವರು. ಆಯುಧವನ್ನು ಮಾಡಿಕೊಡುವವನ ಧರ್ಮವೇನೆಂಬ ಪ್ರಶ್ನೆಯಾದರೋ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಅರ್ಜುನನ ವಿಷಾದಕ್ಕೆ ಗೀತೆಯೇ ಸಮಾಧಾನವಾಗಿ ದೊರೆಯಿತು. ಕುರುಕ್ಷೇತ್ರದಲ್ಲಿ ನೆರೆದ ಅಸಂಖ್ಯ ರಥಗಳ ಅಚ್ಚನ್ನು ಕೆತ್ತಿದ ಬಡಗಿಗಳಿಗೆ ಅಂತಹ ವಿಷಾದವು ತೋರಿದ್ದರೆ ಅವರಿಗೆ ಯಾರು ಉತ್ತರ ಹೇಳುತ್ತಿದ್ದರು? ವೇದವು ರಥಕಾರನನ್ನು ಮರೆತಿಲ್ಲವೆಂಬುದು ನಿಜ. ವರ್ಷಋತುವಿನಲ್ಲಿ ಅವನು ಅಗ್ನ್ಯಾಧಾನವನ್ನು ಮಾಡತಕ್ಕದ್ದೆಂಬ ವಿಧಿಯುಂಟು. ಆ ರಥಕಾರನೆಂದರೆ ಯಾರೆಂದು ಮೀಮಾಂಸಕರು ಒಂದು ಅಧಿಕರಣದಲ್ಲಿಯೇ ಚರ್ಚಿಸಿರುವರು. ಆದರೆ ಅವನಿಗೆ ಅಗ್ನಿಯಲ್ಲಿ ಅಧಿಕಾರವಿದೆಯೇ ಎಂದು ಅಲ್ಲಿ ಕೇಳಿದರೇ ಹೊರತು, ಅವನು ಮಾಡಿದ ರಥವು ಯಾರ ಮೇಲೆ ಹರಿಯಿತೆಂದು ಕೇಳಲಿಲ್ಲ.

ಆ ಪ್ರಶ್ನೆಯು ಈಗ ನಮ್ಮ ಮನೆಬಾಗಿಲಿಗೇ ಬಂದಿದೆ. ೨೦೨೪ನೆಯ ಇಸವಿ ಮಾರ್ಚಿ ೨೦ರಂದು ಮೈಸೂರಿನ ಬಿ.ಇ.ಎಂ.ಎಲ್. ಸಂಸ್ಥೆಯ ಎಂಜಿನು ವಿಭಾಗದಲ್ಲಿ ಯುದ್ಧಟ್ಯಾಂಕುಗಳಿಗಾಗಿ ನಮ್ಮವರೇ ನಿರ್ಮಿಸಿದ ೧೫೦೦ ಅಶ್ವಶಕ್ತಿಯ ಎಂಜಿನು ಮೊದಲ ಬಾರಿಗೆ ಹೊತ್ತಿಕೊಂಡಿತು. ೫೦೦೦ ಮೀಟರು ಎತ್ತರದ ಹಿಮಪ್ರದೇಶದಲ್ಲಿಯೂ ೫೫ ಡಿಗ್ರಿ ತಾಪದ ಮರಳುಗಾಡಿನಲ್ಲಿಯೂ ನಡೆಯಬೇಕೆಂಬುದು ಅದರ ಸಂಕಲ್ಪ. ಶಿವಮೊಗ್ಗ ಭದ್ರಾವತಿಗಳ ಮನೆಗಳಲ್ಲಿ ಎಂಜಿನಿಯರಿಂಗ್ ಓದಿದ ಮಕ್ಕಳು ಇಂತಹ ಉದ್ಯೋಗಕ್ಕೆ ಹೊರಟಾಗ ಹಿರಿಯರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿದರೆ ಆಶ್ಚರ್ಯವಿಲ್ಲ. ಇದು ದೇಶಸೇವೆಯ ಅನ್ನವೋ, ಹಿಂಸೆಯ ಅನ್ನವೋ?

ಇದಕ್ಕೆ ಸುಲಭವಾದ ಉತ್ತರಗಳು ಎರಡುಂಟು. ‘ನಾನು ನಿಮಿತ್ತಮಾತ್ರನು, ಆಜ್ಞಾಪಿಸುವವನು ಬೇರೆ, ಪ್ರಯೋಗಿಸುವವನು ಬೇರೆ’ ಎಂಬುದು ಒಂದು. ಭದ್ರಾವತಿಯ ಕುಲುಮೆಯ ಮುಂದೆ ನಿಂತವನು ಹೀಗೆ ಹೇಳಿದರೆ ಒಪ್ಪಬಹುದು. ೧೯೨೩ರಲ್ಲಿ ಆ ಕಾರ್ಖಾನೆಯು ಕೆಲಸವನ್ನಾರಂಭಿಸಿ, ಕೆಮ್ಮಣ್ಣುಗುಂಡಿಯ ಅದಿರನ್ನು ನಮ್ಮ ಕಾಡುಗಳ ಇದ್ದಿಲಿನಿಂದ ಕರಗಿಸಿದಾಗ, ಹರಿದುಬಂದ ಕಬ್ಬಿಣವು ನೇಗಿಲಾಗುವುದೋ ಕೊಳವೆಯಾಗುವುದೋ ಕತ್ತಿಯಾಗುವುದೋ ಎರಕದವನಿಗೆ ತಿಳಿಯದು. ಟ್ಯಾಂಕಿನ ನಕ್ಷೆಯನ್ನು ಬರೆಯುವವನಿಗೆ ಈ ಅಜ್ಞಾನದ ಆಶ್ರಯವಿಲ್ಲ. ತನ್ನ ರೇಖೆಯು ಏನಾಗುವುದೆಂದು ಅವನು ಬಲ್ಲನು. ಜ್ಞಾನವಿದ್ದಲ್ಲಿ ಹೊಣೆಯೂ ಉಂಟು.

‘ಅದು ಪಾಪವೇ ಸರಿ, ಶುದ್ಧನಾಗಿ ಬಾಳಬೇಕೆನ್ನುವವನು ಅದರ ಬಳಿ ಸುಳಿಯಬಾರದು’ ಎಂಬುದು ಎರಡನೆಯದು. ಇದು ಮೇಲುನೋಟಕ್ಕೆ ಉದಾತ್ತವಾಗಿ ಕಾಣುತ್ತದೆ. ಆದರೆ ಮಾಂಸದ ಪ್ರಕರಣದಲ್ಲಿ ಮನುವು ಕೊಂದವನೊಬ್ಬನನ್ನೇ ಘಾತುಕನೆನ್ನದೆ, ಅನುಮತಿಸಿದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಇವರೆಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿರುವನು. ಆ ನ್ಯಾಯವನ್ನು ಇಲ್ಲಿಗೆ ತಂದರೆ, ತೆರಿಗೆಯನ್ನು ಕೊಟ್ಟು ಗಡಿಯ ಕಾವಲಿನ ಮರೆಯಲ್ಲಿ ನಿಶ್ಚಿಂತೆಯಿಂದ ನಿದ್ರಿಸುವ ನಮಗೂ ಆ ಪಂಕ್ತಿಯಲ್ಲಿ ಎಲೆ ಹಾಕಿದೆ. ರಕ್ಷಣೆಯು ಬೇಕು, ರಕ್ಷಣೆಯ ಮೈಲಿಗೆ ಮಾತ್ರ ಬೇಡವೆಂಬುದು ಮಡಿಯಲ್ಲ, ಕಪಟ. ಆದುದರಿಂದ ಈ ಕೆಲಸವನ್ನು ಮಾಡಬಹುದೇ ಎಂಬುದಕ್ಕಿಂತ, ಹೇಗೆ ಮಾಡಿದರೆ ಧರ್ಮವು ಉಳಿಯುವುದೆಂಬುದೇ ವಿಚಾರಣೀಯವಾದ ಅಂಶ.

ಅದಕ್ಕೆ ಮುನ್ನ ಈ ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ೧೯೧೬ರ ಸೆಪ್ಟೆಂಬರು ೧೫ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಇಂಗ್ಲಿಷರು ಇದನ್ನು ಮೊದಲು ಪ್ರಯೋಗಿಸಿದರು. ಗುಟ್ಟು ಹೊರಬೀಳದಿರಲೆಂದು ನೀರಿನ ತೊಟ್ಟಿಯೆಂದು ನಂಬಿಸಲು ‘ಟ್ಯಾಂಕ್’ ಎಂದು ಕರೆದರು; ಆ ಹೆಸರೇ ನಿಂತಿತು. ಕರ್ಣನ ರಥಚಕ್ರವನ್ನು ಭೂಮಿಯು ನುಂಗಿದ ಕಥೆಯನ್ನು ಅರಿಯದವರಿಲ್ಲ. ಚಕ್ರಗಳ ಸುತ್ತ ಅಗಲವಾದ ಉಕ್ಕಿನ ಪಟ್ಟಿಯನ್ನು ತೊಡಿಸಿ ಭಾರವನ್ನು ನೆಲದ ಮೇಲೆ ಹರಡಿದುದೇ ಆ ಕಷ್ಟಕ್ಕೆ ಹೊಸ ಕಾಲದ ಪರಿಹಾರ. ಹೊಡೆಯುವ ಫಿರಂಗಿ, ಕಾಯುವ ಕವಚ, ಓಡುವ ಶಕ್ತಿ ಇವು ಮೂರೂ ಈ ರಥದ ಗುಣಗಳು. ಸಾಂಖ್ಯರ ತ್ರಿಗುಣಗಳಂತೆ ಒಂದು ಹೆಚ್ಚಿದರೆ ಉಳಿದವು ಕುಗ್ಗುತ್ತವೆ. ಕವಚವನ್ನು ದಪ್ಪಮಾಡಿದರೆ ಓಟವು ಕುಂಠಿತವಾಗುವುದು, ದಾರಿಯ ಸೇತುವೆಗಳು ಹೊರಲಾರವು; ಕವಚವನ್ನು ತೆಳುವಾಗಿಸಿದರೆ ಒಳಗಿರುವವನ ಪ್ರಾಣಕ್ಕೆ ಸಂಚಕಾರ. ಈ ತೂಗುವಿಕೆಯೇ ರಥಕಾರನ ಕೆಲಸ. ಇದು ಗಣಿತವೆಂದು ತೋರಿದರೂ ಒಳಗೆ ಇರುವುದು ಧರ್ಮವೇ.

ನಮ್ಮ ದೇಶವು ಇಂತಹದೊಂದನ್ನು ಸ್ವತಃ ನಿರ್ಮಿಸಬೇಕೆಂದು ೧೯೭೪ರಲ್ಲಿ ನಿಶ್ಚಯಿಸಿ, ಚೆನ್ನೈ ಬಳಿಯ ಆವಡಿಯಲ್ಲಿ ಕಾರ್ಯವನ್ನಾರಂಭಿಸಿತು. ಅದಕ್ಕೆ ಇಟ್ಟ ಹೆಸರು ‘ಅರ್ಜುನ’. ಎದುರಿಗೆ ನಿಂತವರನ್ನು ಕಣ್ಣಾರೆ ನೋಡಿ ಬಿಲ್ಲನ್ನು ಕೆಳಗಿಟ್ಟ ವೀರನ ಹೆಸರನ್ನು ಒಂದು ಯುದ್ಧರಥಕ್ಕೆ ಇಟ್ಟವರು ಅದರ ಅರ್ಥವನ್ನು ಪೂರ್ಣವಾಗಿ ಯೋಚಿಸಿದ್ದರೋ ಇಲ್ಲವೋ, ಹೆಸರಂತೂ ಸಾರ್ಥಕವಾದುದು. ಆ ಹೆಸರಿನ ಜಾಡನ್ನು ಹಿಡಿದು ಭಾರತವನ್ನು ನೋಡಿದರೆ ರಥಕಾರನ ಧರ್ಮವು ಮೂರು ಬಗೆಯಾಗಿ ತೋರುತ್ತದೆ.

ಒಳಗೆ ಕುಳಿತವನ ವಿಷಯದಲ್ಲಿರುವುದು ಮೊದಲನೆಯದು. ದುರ್ಯೋಧನನು ಬಿದ್ದ ಮೇಲೆ ಪಾಂಡವರು ಶಿಬಿರಕ್ಕೆ ಬಂದಾಗ, ಶ್ರೀಕೃಷ್ಣನು ಎಂದಿನಂತೆ ತಾನು ಮೊದಲು ಇಳಿಯದೆ ಅರ್ಜುನನನ್ನೇ ಇಳಿಸಿದನು. ಬಳಿಕ ತಾನು ಇಳಿದೊಡನೆ ರಥವು ಉರಿದು ಬೂದಿಯಾಯಿತು. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಮೊದಲೇ ಬೆಂದಿದ್ದಿತು. ಒಳಗಿರುವವನು ಕ್ಷೇಮವಾಗಿ ಇಳಿಯುವವರೆಗೆ ಅದನ್ನು ತಡೆದು ನಿಲ್ಲಿಸಲಾಗಿತ್ತು. ರಥದ ಪರಮಕರ್ತವ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ. ಸೋವಿಯತ್ ದೇಶದ ಟಿ-೭೨ ಟ್ಯಾಂಕು ತಗ್ಗಾಗಿಯೂ ಹಗುರವಾಗಿಯೂ ಇರಲೆಂದು ಮದ್ದುಗುಂಡುಗಳನ್ನು ಒಳಗಿರುವ ಸೈನಿಕರ ಕಾಲಡಿಯಲ್ಲಿಯೇ ಸುತ್ತಲೂ ಜೋಡಿಸಿತು. ಏಟು ಒಳಹೊಕ್ಕು ಅವು ಸಿಡಿದರೆ ಒಳಗಿನವರು ಬದುಕುವುದು ದುರ್ಲಭ. ೧೯೭೯ರಲ್ಲಿ ಬಳಕೆಗೆ ಬಂದ ಇಸ್ರೇಲಿನ ಮೆರ್ಕವಾ, ಮುಂದಿನಿಂದ ಬಂದ ಏಟನ್ನು ಎಂಜಿನೇ ಮೊದಲು ತಾಳಲೆಂದು ಅದನ್ನು ಮುಂಭಾಗದಲ್ಲಿರಿಸಿ, ಸೈನಿಕರು ಪಾರಾಗಲು ಹಿಂದೆ ಬಾಗಿಲನ್ನಿಟ್ಟಿತು. ಎರಡೂ ನಕ್ಷೆಗಳೇ, ಆದರೆ ಒಬ್ಬ ತಾಯಿಯ ಮಗನಿಗೆ ಎಷ್ಟು ಬೆಲೆಯೆಂಬುದಕ್ಕೆ ಎರಡು ಬೇರೆ ಉತ್ತರಗಳು.

ಸತ್ಯವು ಎರಡನೆಯದು. ಅರ್ಜುನ ಟ್ಯಾಂಕಿನ ಚರಿತ್ರೆಯು ಮೂವತ್ತು ವರ್ಷಗಳ ತಾಳ್ಮೆಯ ಚರಿತ್ರೆ. ೧೫.೫ ಕೋಟಿ ರೂಪಾಯಿಗಳೆಂದು ಹೊರಟ ವೆಚ್ಚವು ಮುನ್ನೂರು ಕೋಟಿಗೆ ಏರಿತು. ಎಂಜಿನು ಜರ್ಮನಿಯಿಂದ ಬರಬೇಕಾಯಿತು. ರಾಜಸ್ಥಾನದ ಮರಳಿನ ಪರೀಕ್ಷೆಗಳಲ್ಲಿ ದೋಷಗಳು ಮೇಲಿಂದ ಮೇಲೆ ಹೊರಬಿದ್ದುವು. ಮೊದಲ ೧೬ ಟ್ಯಾಂಕುಗಳು ಸೇನೆಯ ಕೈಸೇರಿದುದು ೨೦೦೪ರಲ್ಲಿ. ಸುಧಾರಿಸಿದ ೧೧೮ ಟ್ಯಾಂಕುಗಳಿಗೆ ೨೦೨೧ರಲ್ಲಿ ಬೇಡಿಕೆ ಬಂದಿತು. ಅಷ್ಟರಲ್ಲಿ ೫೮ ಟನ್ನಿನ ರಥವು ೬೮ ಟನ್ನಾಗಿ ಬೆಳೆದಿದ್ದಿತು. ಇದನ್ನು ಹಾಸ್ಯಮಾಡಿದವರು ಬಹಳ. ವಿಳಂಬವು ದೋಷವಲ್ಲವೆಂದು ನಾನು ವಾದಿಸುವುದಿಲ್ಲ. ಪ್ರಜೆಗಳ ಹಣಕ್ಕೂ ಲೆಕ್ಕವುಂಟು. ಆದರೆ ಪರೀಕ್ಷೆಯಲ್ಲಿ ಕಂಡ ದೋಷವು ಅವಮಾನವಲ್ಲ, ಮುಚ್ಚಿಟ್ಟ ದೋಷವೇ ಅವಮಾನ. ಧರ್ಮರಾಯನ ರಥವು ನೆಲದಿಂದ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದಿತಂತೆ. ಅಶ್ವತ್ಥಾಮನ ವಿಷಯದಲ್ಲಿ ಆಡಿದ ಒಂದು ಅರೆಸತ್ಯದಿಂದ ಅದು ನೆಲಕ್ಕಿಳಿಯಿತು. ಸ್ವದೇಶಾಭಿಮಾನದ ಹೆಸರಿನಲ್ಲಿ ಪರೀಕ್ಷೆಯ ಅಂಕಿಯೊಂದನ್ನು ತಿದ್ದುವ ಎಂಜಿನಿಯರನ ರಥಕ್ಕೂ ಅದೇ ಗತಿ. ವ್ಯತ್ಯಾಸವಿಷ್ಟೆ: ಇಲ್ಲಿ ಅದರ ಫಲವನ್ನು ಉಣ್ಣುವವನು ಸುಳ್ಳಾಡಿದವನಲ್ಲ, ಒಳಗೆ ಕುಳಿತ ಇಪ್ಪತ್ತರ ಹುಡುಗ.

ಮೂರನೆಯದು ಎಲ್ಲಕ್ಕಿಂತ ಕಠಿನ: ಎದುರಿಗೆ ಇರುವವನ ವಿಷಯ. ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲವನಾಗಿದ್ದನು, ಹಿಂದೆಗೆಯಬಲ್ಲವನಾಗಿರಲಿಲ್ಲ. ಅರ್ಜುನನು ಎರಡನ್ನೂ ಬಲ್ಲವನು. ರಥಕಾರನು ಮಾಡಿಕೊಟ್ಟ ಯಂತ್ರವು ನಾಳೆ ಯಾರ ಆಜ್ಞೆಯಲ್ಲಿ, ಯಾವ ಊರಿನ ಬೀದಿಯಲ್ಲಿ ನಡೆಯುವುದೋ ಅವನ ಕೈಯಲ್ಲಿಲ್ಲ. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನವು ನನಗೆ ಕಾಣದು. ಗೆದ್ದ ಯುಧಿಷ್ಠಿರನಿಗೂ ಶೋಕವು ತಪ್ಪಲಿಲ್ಲ. ಆ ಶೇಷವನ್ನು ಹೊರಲೇಬೇಕು. ಆದರೆ ಹೊರುತ್ತಿದ್ದೇನೆಂದು ಬಲ್ಲವನು ದುಡುಕನು, ಜಂಬಪಡನು, ಕೊಲ್ಲುವ ಶಕ್ತಿಯನ್ನು ಹಬ್ಬವಾಗಿ ಆಚರಿಸನು. ಮತದಾರನಾಗಿ, ತಂದೆಯಾಗಿ, ನಾಲ್ಕು ಜನರಲ್ಲಿ ಮಾತನಾಡುವವನಾಗಿ ಯುದ್ಧವನ್ನು ಹಗುರವಾಗಿ ಬಯಸುವವರನ್ನು ತಡೆಯುವ ಅಧಿಕಾರವೂ ಅವನಿಗೆ ಎಲ್ಲರಿಗಿಂತ ಹೆಚ್ಚಾಗಿ ಉಂಟು; ಏಕೆಂದರೆ ಅದರ ಭಾರವನ್ನು ಟನ್ನುಗಳಲ್ಲಿ ತೂಗಿದವನು ಅವನೇ.

ಆದುದರಿಂದ ಇಂತಹ ಉದ್ಯೋಗಕ್ಕೆ ಹೊರಟ ಮಗನನ್ನಾಗಲಿ ಮಗಳನ್ನಾಗಲಿ ತಡೆಯಬೇಕಾಗಿಲ್ಲ. ‘ಈ ಕೆಲಸವು ಸರಿಯೇ?’ ಎಂಬ ಸಂಶಯವನ್ನು ಮಾತ್ರ ಊರಿನಲ್ಲಿಯೇ ಬಿಟ್ಟುಹೋಗಬೇಡವೆಂದು ಹೇಳಿ ಕಳುಹಿಸಬೇಕು. ಆ ಸಂಶಯವಿರುವವರೆಗೆ ಅವರ ಕೈ ಎಚ್ಚರವಾಗಿರುತ್ತದೆ. ಅದು ತಾನಾಗಿ ನಿಂತುಹೋದ ದಿನ ಬೇರೊಂದು ಉದ್ಯೋಗವನ್ನು ನೋಡಿಕೊಳ್ಳುವುದು ಅವರಿಗೂ ಒಳ್ಳೆಯದು, ದೇಶಕ್ಕೂ ಒಳ್ಳೆಯದು.