ಕವಳಿಯ ಪೊದೆ ಮತ್ತು ಆರು ಲೇಶ್ಯೆಗಳು

ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಷಡ್ಲೇಶ್ಯೆಗಳ ಚಿತ್ರವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಗೊಮ್ಮಟಸಾರದಲ್ಲಿ ನಿರೂಪಿಸಿದ ದೃಷ್ಟಾಂತವದು. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಅದನ್ನು ಬುಡಸಹಿತ ಕೀಳಬಯಸುತ್ತಾನೆ. ನೀಲ, ಕಪೋತ, ಪೀತಲೇಶ್ಯೆಯವರ ಆಸೆ ಕ್ರಮವಾಗಿ ಕಾಂಡ, ಕೊಂಬೆ, ರೆಂಬೆಗಳಲ್ಲಿ ನಿಲ್ಲುತ್ತದೆ. ಪದ್ಮಲೇಶ್ಯೆಯವನಿಗೆ ಹಣ್ಣನ್ನಷ್ಟೇ ಬಿಡಿಸಿಕೊಂಡರೆ ಸಾಕು. ಶುಕ್ಲಲೇಶ್ಯೆಯವನಿಗೆ ಉದುರಿದ್ದೇ ಸಾಕು.

ಈ ದೃಷ್ಟಾಂತವನ್ನು ಕಾರವಾರ, ಅಂಕೋಲೆಗಳ ಜಂಬಿಟ್ಟಿಗೆಯ ಗುಡ್ಡಗಳಿಗೆ ಒಯ್ದು ನೋಡೋಣ. ಅಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಕವಳಿ ಹಣ್ಣಾಗುತ್ತದೆ. ಕೊಂಕಣಿಗರು ಅದನ್ನು ಕರವಂದವೆನ್ನುತ್ತಾರೆ. ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ, ಜೋಡಿ ಮುಳ್ಳು, ಕಿತ್ತ ತೊಟ್ಟಿನಲ್ಲಿ ಹಾಲಿನಂಥ ಸೊನೆ, ಕಪ್ಪಗೆ ಮಾಗಿದ ಹುಳಿಸಿಹಿ ಹಣ್ಣು. ದುರಾಸೆಗೆ ಮುಳ್ಳೇ ಮಿತಿ ಹಾಕುವುದರಿಂದ ಒಂದೊಂದನ್ನಾಗಿಯೇ ಬಿಡಿಸಬೇಕು. ಹಾಗೆ ಬಿಡಿಸಿ ಎಲೆಕೊಟ್ಟೆಯಲ್ಲಿ ಮಾರುವ ಹಳ್ಳಿಯ ಹೆಂಗಸರನ್ನು ಪದ್ಮಲೇಶ್ಯೆಗೆ ಸಮೀಪದವರೆಂದರೆ ತಪ್ಪಾಗಲಾರದು. (ಉಪ್ಪಿನಕಾಯಿಗೆಂದು ಹಸಿಗಾಯಿಯನ್ನೇ ಬಯಸುವ ನಾವು, ಬೀಜ ಪಸರಿಸುವ ಹಕ್ಕಿಗಳ ಪಾಲನ್ನು ಕೇಳುತ್ತಿದ್ದೇವೆಂಬುದೂ ನೆನಪಿರಲಿ.)

ಆ ಆರು ಮಂದಿಯಲ್ಲಿ ಒಂದು ಸಾಮ್ಯವುಂಟು: ಎಲ್ಲರೂ ಹಸಿದವರು. ಬುಡ ಕೀಳುವವನೂ ಹಣ್ಣನ್ನು ಕಂಡಿದ್ದಾನೆ. ಇಂದು ಕವಳಿಯ ಪೊದೆಯನ್ನು ಕೀಳುವವನಿಗೆ ಹಣ್ಣೇ ಬೇಕಿಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಈ ಎರಡು ತಾಲ್ಲೂಕುಗಳ ಕರಾವಳಿ ಗ್ರಾಮಗಳ ಜನರು ಸ್ಥಳಾಂತರಗೊಂಡರು. ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥಕ್ಕಾಗಿ ಗುಡ್ಡಗಳ ಅಂಚನ್ನು ಕಡಿಯಲಾಯಿತು. ದೇಶರಕ್ಷಣೆಯೂ ರಸ್ತೆಯೂ ಬೇಡವೆಂಬ ಮಾತನ್ನು ನಾನು ಆಡಲಾರೆ. ಆ ರಸ್ತೆಯಲ್ಲಿ ಯಾತ್ರೆ ಹೋಗುವವರು ನಾವೇ. ಆದರೆ ಯಂತ್ರದ ಹಲ್ಲಿಗೆ ಸಿಕ್ಕ ಪೊದೆಯ ಮೇಲೆ ಯಾರಿಗೂ ಕ್ರೋಧವಿರಲಿಲ್ಲ, ಲೋಭವೂ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳಲೇ ಇಲ್ಲ. ಇದು ಯಾವ ಲೇಶ್ಯೆ?

ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟಿರುವುದು ಇಲ್ಲಿ ದಾರಿ ತೋರುತ್ತದೆ. ಕಾಣದಿರುವುದು ನಿರ್ದೋಷವಲ್ಲ, ಕೃತ, ಕಾರಿತ, ಅನುಮೋದಿತಗಳಲ್ಲಿ ಮೂರನೆಯದು ನಮ್ಮ ಪಾಲಿಗೆ ಬರುತ್ತದೆ.

ನಮ್ಮ ಬಸದಿಗಳ ಟ್ರಸ್ಟುಗಳೂ ಆವರಣವನ್ನು ಚೊಕ್ಕಟಗೊಳಿಸಲು ‘ಮುಳ್ಳುಗಂಟಿ ತೆಗೆಯುವುದು’ ಎಂದು ಗುತ್ತಿಗೆ ಕೊಡುವುದುಂಟು. ಆ ಠರಾವನ್ನು ಮಳೆಗಾಲದ ಸಭೆಯಲ್ಲಿ ಬರೆಯದೆ, ಮೇ ತಿಂಗಳಲ್ಲಿ ಪೊದೆಯ ಮುಂದೆ ನಿಂತು ಬರೆಯಲಿ.