ಹೆಸರಿಗಷ್ಟೇ ಇದ್ದ ಫೈಲು

ಒಬ್ಬ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಇನ್ನೊಬ್ಬ ಕಾಲೇಜು ಓದುವ ಅವನ ಕಾಕಾನ ಮಗ, ವರಸೆಯಲ್ಲಿ ತಮ್ಮ. ಇಬ್ಬರಿಗೂ ಒಂದೇ ಬಾಡಿಗೆ ಖೋಲಿ, ಒಂದೇ ಕಂಪ್ಯೂಟರ್. ಅಣ್ಣನಿಗೆ ಸ್ಕೈರಿಮ್ ಆಟದ ಹುಚ್ಚು. 2011ರಲ್ಲಿ ಬಂದ ಈ ಆಟಕ್ಕೆ ಅಭಿಮಾನಿಗಳು ಇಂದಿಗೂ ಹೊಸ ಊರು, ಆಯುಧ, ಪಾತ್ರಗಳನ್ನು ಜೋಡಿಸುತ್ತಲೇ ಇದ್ದಾರೆ. ಇಂಥ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. ಅವನ ನಾಯಕಿಯ ಜಡೆ, ಅವಳ ಜೊತೆಗಾರರ ಕೂದಲು ಎಲ್ಲವೂ ಅಂಥದೊಂದು ಕೇಶವಿನ್ಯಾಸದ ಮಾಡ್‌ನಿಂದ ಬಂದವು.

ತಮ್ಮನಿಗೆ ಪ್ರಾಜೆಕ್ಟಿಗೆಂದು ಡಿಸ್ಕಿನಲ್ಲಿ ಜಾಗ ಬೇಕಾಯಿತು. ಬರೀ ಕೂದಲಿಗೆ ಇಷ್ಟು ಜಾಗವೇ ಎಂದು ಆ ಮಾಡ್ ಅಳಿಸಿದ. ಇದು ಅವಸರ, ಅಪರಾಧವಲ್ಲ.

ಕೂದಲಿನ ಆಕಾರ ನಿಫ್ ಫೈಲಿನಲ್ಲಿರುತ್ತದೆ, ಮೇಲ್ಮೈಯ ಚಿತ್ರ ಡಿಡಿಎಸ್ ಫೈಲಿನಲ್ಲಿ. ಅವು ಯಾವ ತಲೆಗೆ ಸೇರಿದವೆಂದು ಆಟಕ್ಕೆ ತಿಳಿಸುವುದು ಇಎಸ್‌ಪಿ ಎಂಬ ಪ್ಲಗಿನ್. ಇನ್ನೊಂದು ಪ್ಲಗಿನ್‌ನ ಪಾತ್ರ ಆ ಕೂದಲನ್ನು ಬಳಸಿದ್ದರೆ, ಕೂದಲಿನ ಪ್ಲಗಿನ್ ಅದಕ್ಕೆ 'ಮಾಸ್ಟರ್' ಎಂದು ದಾಖಲಾಗುತ್ತದೆ. ಮಾಸ್ಟರ್ ಕಾಣೆಯಾದರೆ ಆಟ ತೆರೆಯುವ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ. ಒರಟು ನಡವಳಿಕೆ, ಆದರೆ ಪ್ರಾಮಾಣಿಕ.

ಆಟ ಹಾಗೆಯೇ ಮುಚ್ಚಿಕೊಂಡಾಗ ತಮ್ಮ ಕಾರಣವನ್ನು ಹುಡುಕಿ ತಿಳಿದುಕೊಂಡ. ಮಾಡ್‌ ಅನ್ನು ಮತ್ತೆ ಇಳಿಸಿಕೊಳ್ಳಬಹುದಿತ್ತು, ಅಣ್ಣನಿಗೆ ಹೇಳಬಹುದಿತ್ತು. ಎರಡನ್ನೂ ಬಿಟ್ಟು, ಅದೇ ಹೆಸರಿನ, ಒಳಗೆ ಏನೂ ಇಲ್ಲದ ಪ್ಲಗಿನ್ ಮಾಡಿ ಅಲ್ಲಿಟ್ಟ. ಆಟ ಹೆಸರು ನೋಡಿ ತೃಪ್ತಿಪಟ್ಟು ಶುರುವಾಯಿತು. ಉಳಿಸಿಟ್ಟ ಹಳೆಯ ಆಟವನ್ನು, ಅಂದರೆ ಸೇವ್ ಅನ್ನು, ತೆರೆಯುವಾಗ ಬರಬೇಕಿದ್ದ ಎಚ್ಚರಿಕೆಯೂ ಬರಲಿಲ್ಲ, ಹೆಸರು ಹಾಜರಿತ್ತಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣನಿಗೆ ಕಂಡದ್ದು ಬೋಳುತಲೆಯ ನಾಯಕಿ, ಕುತ್ತಿಗೆಯಿಂದ ಮೇಲಷ್ಟೇ ಕರ್ರಗಾದ ಜೊತೆಗಾರರು. ಮೊದಲೇ ತಯಾರಾಗಿಟ್ಟ ಮುಖದ ಫೈಲು ಪ್ಲಗಿನ್‌ನ ದಾಖಲೆಗೆ ತಾಳೆಯಾಗದಿದ್ದರೆ ಹೀಗಾಗುತ್ತದೆ.

"ನಾ ಏನೂ ಮುಟ್ಟಿಲ್ಲಣ್ಣ. ಗೇಮ್ ಛಲೋನ ಚಾಲೂ ಆಗ್ತದಲ್ಲ?" ಎಂದ ತಮ್ಮ.

ಎರಡನೆಯ ಮಾತು ನಿಜ. ಮೊದಲನೆಯದನ್ನು ಮುಚ್ಚಲು ಹೊದಿಸಿದ ನಿಜ. ಅಣ್ಣ ಗ್ರಾಫಿಕ್ಸ್ ಡ್ರೈವರ್ ಬದಲಿಸಿದ, ಪ್ಲಗಿನ್‌ಗಳನ್ನು ಆಟ ಓದುವ ಕ್ರಮವಾದ ಲೋಡ್ ಆರ್ಡರ್ ತಿರುವಿ ಹಾಕಿದ, ರಜೆಯೆಲ್ಲ ಅದಕ್ಕೇ ಸುರಿದ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಗಾತ್ರ: ಅಷ್ಟೊಂದು ಕೇಶವಿನ್ಯಾಸಗಳ ಪ್ಲಗಿನ್ ಒಂದು ಕಿಲೋಬೈಟ್ ಕೂಡ ಇರಲಿಲ್ಲ.

ತಮ್ಮನ ಪರವಾಗಿಯೂ ಹೇಳುವುದಿದೆ. ಯಾವ ಫೈಲು ಯಾವುದನ್ನು ನೆಚ್ಚಿದೆ ಎಂದು ಅಣ್ಣ ಎಂದೂ ಹೇಳಿರಲಿಲ್ಲ, ಬ್ಯಾಕಪ್ ಇಟ್ಟಿರಲಿಲ್ಲ. ಆದರೂ ಅಳಿಸಿದ್ದನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದಿತ್ತು. ಖಾಲಿ ಫೈಲು ಅಣ್ಣನಿಂದ ಸುಳಿವನ್ನೇ ಕಸಿದುಕೊಂಡಿತು. ನನ್ನ ಲೆಕ್ಕದಲ್ಲಿ ತಪ್ಪು ಶುರುವಾಗುವುದು ಅಲ್ಲಿಂದ.

ಆ ಹುಡುಗ ಇದನ್ನು ಎಲ್ಲಿ ಕಲಿತ? ಸುತ್ತ ನೋಡಿದರೆ ಸಾಕು. ಮದ್ದಿನ ಅವಧಿ ಮುಗಿದ ಬೆಂಕಿ ನಂದಿಸುವ ಸಿಲಿಂಡರು ಗೋಡೆಯ ಮೇಲೆ ಕೆಂಪಗೆ ತೂಗುತ್ತಿರುತ್ತದೆ. ಕ್ರಮ ಕೈಗೊಳ್ಳಲಾಗಿದೆ ಎಂಬ ಒಂದು ಸಾಲಿಗೆ ದೂರಿನ ಕಡತ ಮುಚ್ಚುತ್ತದೆ. ಪರೀಕ್ಷಿಸುವವನ ಕಣ್ಣು ಎಲ್ಲಿಯವರೆಗೆ ಹೋಗುತ್ತದೆಂದು ನಾವು ಬೇಗ ಅಳೆದುಕೊಳ್ಳುತ್ತೇವೆ, ಕೆಲಸವನ್ನು ಅಷ್ಟಕ್ಕೇ ನಿಲ್ಲಿಸುತ್ತೇವೆ. ಸುಳ್ಳು ಹೇಳಿದೆವೆಂದು ಯಾರಿಗೂ ಅನಿಸುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಾಗಿರುತ್ತದಲ್ಲ.

ಅಣ್ಣ ತಮ್ಮನ ಕೈಯಿಂದಲೇ ಮಾಡ್‌ ಮತ್ತೆ ಹಾಕಿಸಿದ. ಜೊತೆಗಾರರ ಮುಖ ಮರಳಿತು. ನಾಯಕಿಯ ಜಡೆಯನ್ನು ಹೊಸದಾಗಿ ಆರಿಸಬೇಕಾಯಿತು. ನನಗೆ ಇದೆಲ್ಲ ಹೇಳಿದವನು ಅಣ್ಣನೇ, ಇನ್ನೂ ಸಿಟ್ಟಿನಲ್ಲಿ. ಮಾತಿನ ನಡುವೆ, ಕಾರ್ಖಾನೆಯಲ್ಲಿ ದಿನಾ ತುಂಬಬೇಕಾದ ಯಂತ್ರದ ಎಣ್ಣೆ ತಪಾಸಣೆಯ ಚಾರ್ಟಿಗೆ ಸೋಮವಾರವೇ ವಾರದ ಸಹಿ ಹಾಕಿಬಿಡುತ್ತೇವೆ ಎಂದೂ ಅಂದ. ಅದರ ಬಗ್ಗೆ ಕೇಳಿದೆ.

"ಅದು ಬ್ಯಾರೆ ಮಾತ್ರೀ," ಎಂದ.